ಅರ್ಧ ಹೊಲಿದ ಸೀಟು

ಸಿಟಿ ರೈಲಿನ ಡಿಪೊದಲ್ಲಿ ಹೊಲಿಗೆ ಕೋಣೆ ಎಂಬುದೊಂದಿದೆ ಎಂದು ದಿನಾ ರೈಲಿನಲ್ಲಿ ಓಡಾಡುವವರಿಗೂ ಗೊತ್ತಿರುವುದಿಲ್ಲ. ಗೊತ್ತಿರಬೇಕಾಗಿಯೂ ಇಲ್ಲ ಬಿಡಿ. ಕೂರಲು ಸೀಟು ಸಿಕ್ಕರೆ ಸಾಕು, ಅದನ್ನು ಹೊಲಿದವರು ಯಾರು ಎಂದು ಕೇಳುವ ಪ್ರಯಾಣಿಕ ಇನ್ನೂ ಹುಟ್ಟಿ ಬರಬೇಕು. ಬೋಗಿ ತೊಳೆಯುವ ಷೆಡ್ಡಿನ ಹಿಂದೆ, ತಗಡಿನ ಮಾಡಿನ ಆ ಕೋಣೆಯಲ್ಲಿ ಎರಡು ಹೊಲಿಗೆ ಮೆಷಿನ್ನು, ಒಂದು ಉದ್ದನೆಯ ಮೇಜು, ಗೋಡೆಗೆ ಒರಗಿಸಿದ ನೀಲಿ ಬಟ್ಟೆಯ ಸುರುಳಿಗಳು. ಕೆಲಸದವರು ಇಬ್ಬರೇ. ಒಬ್ಬಳು ನಲವತ್ತು ದಾಟಿದ ಹೆಂಗಸು. ಡಿಪೊದವರೆಲ್ಲರಿಗೂ ಅವಳು ಹೊಲಿಗೆಯಕ್ಕ. ಇನ್ನೊಬ್ಬ ಸೀಟಿನೊಳಗಿನ ಫೋಮು ಕತ್ತರಿಸುವ ಮುದುಕ, ಫೋಮ್ ತಾತ. ತಾತನ ಬಾಯಿ ಅವನ ಚಾಕುವಿಗಿಂತ ಹರಿತ.

ಪುಂಡರು ಬ್ಲೇಡು ಹಾಕಿ ಕುಯ್ದ ಸೀಟುಗಳು ಅವರ ಮೇಜಿಗೆ ಬರುತ್ತವೆ. ಕುಯ್ದು ಅವರಿಗೆ ಏನು ಸಿಗುತ್ತದೋ ಆ ದೇವರೇ ಬಲ್ಲ. ಹರಿದ ಹೊದಿಕೆಯನ್ನು ಕಿತ್ತು ಹೊಸದನ್ನು ಹಾಕಬೇಕು, ತೇಪೆಯ ಕೆಲಸ ಕೂಡದು ಎಂಬುದು ಡಿಪೊದ ನಿಯಮ. ಒಂದು ಬೆಳಿಗ್ಗೆ ಹಾಗೆ ಬಂದ ಸೀಟೊಂದನ್ನು ಮೇಜಿನ ಮೇಲೆ ಹಾಕಿದ ತಾತ ಗಹಗಹಿಸಿ ನಕ್ಕ.

“ನೋಡಮ್ಮ, ನಿನ್ನ ಅನ್ನಕ್ಕೆ ಕಲ್ಲು ಹಾಕೋಕೆ ಯಾರೋ ಹುಟ್ಕೊಂಡಿದಾರೆ! ಹೊಲಿದೂ ಇದಾರೆ, ಅರ್ಧಕ್ಕೇ ಬಿಟ್ಟೂ ಹೋಗಿದಾರೆ. ಹೊಲೀತಾ ಹೊಲೀತಾ ಸ್ಟೇಷನ್ ಬಂದ್ಬಿಡ್ತೋ ಏನೋ.”

ಹೊಲಿಗೆಯಕ್ಕ ಕನ್ನಡಕ ಏರಿಸಿ ನೋಡಿದಳು. ಸೀಟಿನ ಅಡ್ಡಕ್ಕೂ ಬಿದ್ದಿದ್ದ ಹರಕು. ಎಡತುದಿಯಿಂದ ಸರಿಯಾಗಿ ನಡುವಿನವರೆಗೆ ಒತ್ತಾದ ಓರೆ ಹೊಲಿಗೆ. ದಾರ ಅಂಗಡಿಯದ್ದಲ್ಲ, ಸೀಟಿನ ಹರಿದ ಅಂಚಿನಿಂದಲೇ ಎಳೆದು ಹೊಸೆದದ್ದು. ನಡುವಿಗೆ ಬಂದ ಮೇಲೆ ಆ ದಾರವನ್ನು ಕಡಿದಿರಲಿಲ್ಲ, ಗಂಟೂ ಹಾಕಿರಲಿಲ್ಲ, ಸುಮ್ಮನೆ ಇಳಿಬಿಟ್ಟಿತ್ತು. ಅದು ಅವಳ ತಂಗಿಯ ಕೈ. ವರ್ಷಗಳ ಹಿಂದೆ ಮನೆ ಬಿಟ್ಟು ಹೋದ, ಊರೆಲ್ಲ ಜಾಲಾಡಿದರೂ ಸಿಗದ ತಂಗಿ.

ಹೊಲಿಗೆ ನೋಡಿ ಹೇಗೆ ಗೊತ್ತಾಯಿತು ಎಂದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಅವರ ಅಪ್ಪ ಹಾಸಿಗೆ ಮಾಡುವವರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಮೂಗಿನಲ್ಲಿ ಹತ್ತಿ, ತಲೆಯಲ್ಲಿ ಹತ್ತಿ, ಉಣ್ಣುವ ತಟ್ಟೆಯಲ್ಲೂ ಹತ್ತಿ. ಅಕ್ಕನದು ಬಲಗೈ, ತಂಗಿಯದು ಎಡಗೈ. ಬೇರೆ ಅಪ್ಪನಾಗಿದ್ದರೆ ಚಿಕ್ಕವಳ ಎಡಗೈ ಮೇಲೆ ಎರಡು ಬಿಟ್ಟು ತಿದ್ದಲು ಹೋಗುತ್ತಿದ್ದರೇನೋ. ಈ ಅಪ್ಪ ಅದರಲ್ಲೇ ಅನುಕೂಲ ಕಂಡರು. ಹತ್ತಿ ತುಂಬಿದ ಹಾಸಿಗೆಯ ಬಾಯಿಯನ್ನು ಬಲತುದಿಯಿಂದ ದೊಡ್ಡವಳು, ಎಡತುದಿಯಿಂದ ಚಿಕ್ಕವಳು ಹೊಲಿಯುತ್ತ ಬಂದು ನಡುವೆ ಸೇರಬೇಕು. ಮೊದಲು ಬಂದವಳು ದಾರ ಕಡಿಯುವ ಹಾಗಿಲ್ಲ; ಸೂಜಿಯನ್ನು ಅಲ್ಲೇ ಬಟ್ಟೆಗೆ ಚುಚ್ಚಿಟ್ಟು ಇನ್ನೊಬ್ಬಳಿಗೆ ಕಾಯಬೇಕು. ಆಮೇಲೆ ಎರಡು ದಾರವೂ ಸೇರಿ ಒಂದೇ ಗಂಟು. “ಎರಡು ಗಂಟು ಬಿದ್ರೆ ಮಲಗಿದವರ ಬೆನ್ನಿಗೆ ಒತ್ತುತ್ತೆ” ಎನ್ನುತ್ತಿದ್ದರು ಅಪ್ಪ. ಯಾವಾಗಲೂ ಮೊದಲು ಬರುತ್ತಿದ್ದವಳು ತಂಗಿಯೇ. ಸೂಜಿ ಚುಚ್ಚಿಟ್ಟು, ಮಂಡಿ ಮೇಲೆ ಗಲ್ಲ ಊರಿ, ಅಕ್ಕ ತಲುಪುವುದನ್ನೇ ನೋಡುತ್ತ ಕೂತು, ಕೊನೆಗೆ “ಬಂದ್ಯಾ ಆಮೆ?” ಎಂದು ಕಿಚಾಯಿಸುತ್ತಿದ್ದಳು. ಅಕ್ಕನಿಗೆ ಮೈಯೆಲ್ಲ ಉರಿದುಹೋಗುತ್ತಿತ್ತು. ಈಗ ಅದೇ ಮಾತು ಕೇಳಲು ಅವಳು ಏನನ್ನು ಬೇಕಾದರೂ ಕೊಟ್ಟಾಳು.

ಅಕ್ಕನ ಮದುವೆಯಾಯಿತು, ಅಪ್ಪ ತೀರಿಕೊಂಡರು, ತಂಗಿ ಅಕ್ಕನ ಎರಡು ಕೋಣೆಯ ಮನೆಗೆ ಬಂದಳು. ಕಾಯಿಲೆ ಯಾವಾಗ ಶುರುವಾಯಿತು ಎಂದು ಬೆರಳಿಟ್ಟು ತೋರಿಸಲಾಗದು. ಮೊದಲು ನಿದ್ದೆ ಹೋಯಿತು. ಆಮೇಲೆ ಹಾಸಿಗೆಯೊಳಗೆ ಯಾರೋ ಮಾತಾಡುತ್ತಾರೆ ಎಂದು ಹೊಲಿಗೆ ಬಿಚ್ಚಿ ಹತ್ತಿಯನ್ನೆಲ್ಲ ಹರಡಿ ಹುಡುಕಿದಳು. ಡಾಕ್ಟರು ಕೊಟ್ಟ ಮಾತ್ರೆಯಿಂದ ಕೆಲವು ದಿನ ನೆಟ್ಟಗಾದಳು, ಮತ್ತೆ ಮಾತ್ರೆ ಬಿಟ್ಟಳು. ಒಂದು ಮಧ್ಯಾಹ್ನ ಅಕ್ಕ ಮನೆಗೆ ಬಂದಾಗ ತಂಗಿ, ಮಲಗಿದ್ದ ಅಕ್ಕನ ಪುಟ್ಟ ಮಗಳ ಫ್ರಾಕನ್ನು ಸುತ್ತಲೂ ಹಾಸಿಗೆಗೆ ಸೇರಿಸಿ ಹೊಲಿದಿದ್ದಳು. “ಬಿದ್ದುಹೋಗ್ತಾಳೆ ಅಕ್ಕ, ಅದಕ್ಕೇ” ಎಂದಳು, ಎಷ್ಟು ಪ್ರೀತಿಯಿಂದ! ಮಗುವಿಗೆ ಒಂದು ಗೀರೂ ಆಗಿರಲಿಲ್ಲ. ಆದರೆ ಗಂಡನ ಮುಖ ಬಿಳಿಚಿಕೊಂಡಿತು. “ಇನ್ನು ಈ ಮನೇಲಿ ಸೂಜಿ ಇರಬಾರದು” ಎಂದ. ಅವನನ್ನು ದೂರುವ ಹಾಗೂ ಇರಲಿಲ್ಲ. ಅವನು ಬಾಯಿಬಿಟ್ಟು ಹೇಳಿದ್ದನ್ನೇ ಅವಳೂ ಒಳಗೊಳಗೆ ಅಂದುಕೊಂಡಿದ್ದಳು.

ಅವತ್ತೇ ಅಕ್ಕ ಸೂಜಿ, ದಬ್ಬಣ, ಕತ್ತರಿ ಎಲ್ಲ ಡಬ್ಬಿಗೆ ತುಂಬಿ ಡಿಪೊಗೆ ಒಯ್ದು ಬೀಗ ಹಾಕಿದಳು. ತಂಗಿ ಗಲಾಟೆ ಮಾಡಲಿಲ್ಲ. ದಿನಾ ಬಾಗಿಲಲ್ಲಿ ನಿಂತು “ಅಕ್ಕ, ಸೂಜಿ ಎಲ್ಲಿಟ್ಟೆ?” ಎಂದು ಕೇಳುತ್ತಿದ್ದಳು, ಅಷ್ಟೇ. “ಇಲ್ಲ ಕಣೇ, ಕಳೆದುಹೋಗಿದೆ” ಎನ್ನುತ್ತಿದ್ದಳು ಅಕ್ಕ. ಒಂದು ದಿನ ಕೆಲಸದಿಂದ ಬಂದರೆ ಬಾಗಿಲು ತೆರೆದೇ ಇತ್ತು, ತಂಗಿ ಇರಲಿಲ್ಲ. ಪೊಲೀಸರು, ಆಸ್ಪತ್ರೆ, ಅನಾಥಾಶ್ರಮ, ಕೊನೆಗೆ ಶವಾಗಾರ, ಎಲ್ಲ ಕಡೆಯೂ ತಿರುಗಿದ್ದಾಯಿತು.

ಈಗ ಮೇಜಿನ ಮೇಲೆ ಅರ್ಧ ಹೊಲಿಗೆ ಬಂದು ಕೂತಿದೆ. ಬಿಟ್ಟ ಅರ್ಧ ಯಾರ ಪಾಲಿನದು ಎಂದು ಅವಳೊಬ್ಬಳಿಗೇ ಗೊತ್ತು. ಅಂದರೆ ತಂಗಿ ಬದುಕಿದ್ದಾಳೆ. ಬದುಕಿರುವುದಷ್ಟೇ ಅಲ್ಲ, ಅಕ್ಕನ ಪಾಲನ್ನು ಅಕ್ಕನಿಗೆಂದೇ ಬಿಟ್ಟಿದ್ದಾಳೆ.

ನಿಯಮ ಹಾಳಾಗಿ ಹೋಗಲಿ ಎಂದು ಹೊಲಿಗೆಯಕ್ಕ ಮೆಷಿನ್ನು ಬಿಟ್ಟು ಕೈಗೆ ದಬ್ಬಣ ತೆಗೆದುಕೊಂಡಳು. ಬಲತುದಿಯಿಂದ ಶುರು ಮಾಡಿ, ನಡುವೆ ಬಂದು, ಎರಡು ದಾರ ಸೇರಿಸಿ ಒಂದೇ ಗಂಟು ಹಾಕಿದಳು. ತಾತ ಹುಬ್ಬೇರಿಸಿದ. ಅವಳು ಎಲ್ಲವನ್ನೂ ಹೇಳಿದಾಗ ಚಾಕು ಕೆಳಗಿಟ್ಟ.

“ಮೇಸ್ತ್ರಿ ಕೇಳಿದ್ರೆ ನನ್ನ ಕಣ್ಣು ಮಂಜು ಅಂತೀನಿ ಬಿಡು” ಎಂದು ಸೀಟನ್ನು ತಾನೇ ಎತ್ತಿ ಗಾಡಿಗೆ ಹಾಕಿದ.

ಆಮೇಲೆ ಅಂಥ ಸೀಟುಗಳು ಆಗಾಗ ಬರತೊಡಗಿದವು. ಎಡದಿಂದ ಅರ್ಧ, ಇಳಿಬಿಟ್ಟ ದಾರ. ಅವಳು ಬಲದಿಂದ ಅರ್ಧ ಹೊಲಿದು ವಾಪಸು ಕಳಿಸುತ್ತಿದ್ದಳು. ಯಾವ ರೈಲು, ಯಾವ ಬೋಗಿ ಎಂದು ವಿಚಾರಿಸಿದರೆ ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಕೆಲಸ ಮುಗಿದ ಮೇಲೆ ನೇರ ಮನೆಗೆ ಹೋಗುವುದನ್ನು ಬಿಟ್ಟು ಊರಿನ ಈ ತುದಿಯಿಂದ ಆ ತುದಿಗೆ ರೈಲಿನಲ್ಲಿ ಓಡಾಡಿದಳು. ಇಷ್ಟು ದಿನ ಸೀಟು ಮಾತ್ರ ನೋಡುತ್ತಿದ್ದವಳಿಗೆ ಅದರ ಮೇಲೆ ಬದುಕುವವರೂ ಕಂಡರು. ಚೀಲಗಳನ್ನೇ ದಿಂಬು ಮಾಡಿ ಮಲಗಿದ ಮುದುಕಿ, ಕಿಟಕಿ ಗಾಜಿನೊಂದಿಗೆ ವ್ಯಾಜ್ಯ ಹೂಡಿದ ಗಡ್ಡದವನು. ಒಂದು ಸಂಜೆ ಒಬ್ಬ ಬಾಗಿಲಿಗೆ ದಬದಬ ಗುದ್ದುತ್ತ ಕೂಗಾಡಿದಾಗ ಎಲ್ಲರ ಜೊತೆ ಅವಳೂ ಚೀಲ ಅವುಚಿಕೊಂಡು ಪಕ್ಕದ ಬೋಗಿಗೆ ಓಡಿದಳು. ಓಡಿದ ಮೇಲೆ ಹೊಳೆಯಿತು. ತಂಗಿಯನ್ನು ಕಂಡವರೂ ಹೀಗೇ ಓಡುತ್ತಾರಲ್ಲವೇ?

ಹಂಬಲ ಎನ್ನುವುದು ದುಡಿಯುವವರನ್ನು ನೆಟ್ಟಗೆ ದುಡಿಯಲು ಬಿಡುವುದಿಲ್ಲ. ಒಂದು ದಿನ ಹೊಸದಾಗಿ ಹರಿದ ಉದ್ದದ ಸೀಟು ಬಂತು. ತಂಗಿಯ ಕೈ ಇನ್ನೂ ಸೋಕಿರಲಿಲ್ಲ. ಈ ಸಲ ನಾನೇ ಮೊದಲು ಬರುತ್ತೇನೆ ಎಂಬ ಆಸೆ ಅವಳಿಗೆ ಹುಟ್ಟಿತು. ಬಲತುದಿಯಿಂದ ಹೊಲಿಯುತ್ತ ನಡುವಿಗೆ ಬಂದಳು, ದಾರ ಇಳಿಬಿಟ್ಟಳು, ಸೂಜಿಯನ್ನು ಅಲ್ಲೇ ಬಟ್ಟೆಗೆ ಚುಚ್ಚಿಟ್ಟಳು, ಸೀಟನ್ನು ಹಾಗೇ ಗಾಡಿಗೆ ಹಾಕಿ ರೈಲಿಗೆ ಕಳಿಸಿದಳು. ಅದನ್ನು ಕಂಡರೆ ತಂಗಿಗೆ ಅರ್ಥವಾಗುತ್ತದೆ: ಬಂದಿದ್ದೇನೆ, ಕಾಯುತ್ತಿದ್ದೇನೆ. ಅದಕ್ಕಿಂತ ಹೆಚ್ಚಾಗಿ, ಕಿತ್ತುಕೊಂಡ ಸೂಜಿಯನ್ನು ಇಗೋ ನಿನಗೇ ವಾಪಸು ಕೊಟ್ಟಿದ್ದೇನೆ. ಹಾಸಿಗೆಯ ಮನೆಯಲ್ಲಿ ಬೆಳೆದವರು ಮಾತ್ರ ಮಾಡಬಹುದಾದ ತಪ್ಪು ಅದು. ಬಾಯಿ ಹೊಲಿದು ಮುಗಿಯದ ಹಾಸಿಗೆಯ ಮೇಲೆ ಯಾರೂ ಮಲಗುವುದಿಲ್ಲ, ಹಾಗಾಗಿ ಚುಚ್ಚಿಟ್ಟ ಸೂಜಿಯಿಂದ ಅಪ್ಪನ ಅಂಗಡಿಯಲ್ಲಿ ಯಾರಿಗೂ ಏನೂ ಆಗಿರಲಿಲ್ಲ. ರೈಲಿನ ಸೀಟಿನ ಮೇಲೆ ಮಾತ್ರ ಎಲ್ಲರೂ ಕೂರುತ್ತಾರೆ.

ಕೂತವರು ಒಬ್ಬ ಶಾಲಾ ಟೀಚರು. ಸೂಜಿ ತೊಡೆಗೆ ನೆಟ್ಟಿತು. ಬೋಗಿಯಲ್ಲಿ ಕೂಗು, ಎಮರ್ಜೆನ್ಸಿ ಬ್ರೇಕು, ಮರುದಿನ ಊರೆಲ್ಲ ಗುಲ್ಲೋ ಗುಲ್ಲು. ರೈಲಿನಲ್ಲಿ ಯಾರೋ ವಿಷದ ಸೂಜಿ ಇಡುತ್ತಿದ್ದಾರಂತೆ! ಯಾರದ್ದೋ ಮೊಬೈಲಿನಲ್ಲಿ ಹಳೆಯ ವಿಡಿಯೋ ಒಂದಿತ್ತು: ಕೆದರಿದ ಕೂದಲಿನ ಹೆಂಗಸು ಬಾಗಿ ಕೂತು ಎಡಗೈಯಲ್ಲಿ ಸೀಟು ಹೊಲಿಯುತ್ತಿದ್ದಾಳೆ, ತುಟಿ ಪಿಟಿಪಿಟಿ ಆಡುತ್ತಿದೆ. ಅಷ್ಟು ಸಾಕಾಯಿತು. ಸೂಜಿ ಹುಚ್ಚಿ ಎಂದು ಹೆಸರಿಟ್ಟರು. ಡಿಪೊದಲ್ಲಿ ತಾತ ಮೊಬೈಲು ಮುಂದೆ ಹಿಡಿದಾಗ ಹೊಲಿಗೆಯಕ್ಕ ಆ ಮುಖವನ್ನು ಮತ್ತೆ ಮತ್ತೆ ನೋಡಿದಳು. ಎಷ್ಟು ಸೊರಗಿದ್ದಾಳೆ! ಕಂಡೆನೆಂಬ ಸಂತೋಷವೂ ತನ್ನಿಂದಲೇ ಅವಳಿಗೆ ಹೀಗಾಯಿತೆಂಬ ಸಂಕಟವೂ ಒಟ್ಟಿಗೇ ಬಂದವು.

ರೈಲಿನಲ್ಲಿ ಮಲಗುವವರನ್ನೆಲ್ಲ ಎಬ್ಬಿಸಿ ಇಳಿಸತೊಡಗಿದರು. ಸ್ಟೇಷನ್ನು ಸ್ಟೇಷನ್ನಿಗೂ ಕಾವಲು, ಚೀಲ ತಪಾಸಣೆ. ಬಟ್ಟೆಯ ಸೀಟೇ ಬೇಡ, ಗಟ್ಟಿ ಪ್ಲಾಸ್ಟಿಕ್ಕಿನದು ಹಾಕೋಣ ಎಂಬ ಮಾತೂ ಬಂತು. ಅರ್ಧ ಹೊಲಿದ ಸೀಟುಗಳು ಬರುವುದು ನಿಂತೇಹೋಯಿತು.

ಹೊಲಿಗೆಯಕ್ಕ ಭದ್ರತಾ ಅಧಿಕಾರಿಯ ಕೋಣೆಗೆ ಹೋಗಿ ನಿಂತಳು. “ಸರ್, ಆ ಸೂಜಿ ಇಟ್ಟಿದ್ದು ಅವಳಲ್ಲ. ನಾನು.”

ಅಧಿಕಾರಿ ಕೆಟ್ಟವನಲ್ಲ, ನಿದ್ದೆಗೆಟ್ಟು ಕಣ್ಣು ಕೆಂಪಾಗಿಸಿಕೊಂಡ ಮನುಷ್ಯ. ಪೂರ್ತಿ ಕೇಳಿಸಿಕೊಂಡು ಹಣೆ ಒತ್ತಿಕೊಂಡ.

“ಏನಮ್ಮ ಮಾಡ್ಬಿಟ್ರಿ ನೀವು! ಆ ಟೀಚರಮ್ಮ ರಕ್ತ ಪರೀಕ್ಷೆ ಮೇಲೆ ರಕ್ತ ಪರೀಕ್ಷೆ ಮಾಡಿಸ್ಕೊಂಡು, ಸ್ವಂತ ಮಕ್ಕಳನ್ನ ಮುಟ್ಟೋಕೂ ಹೆದರ್ತಾ ಕೂತಿದಾರೆ. ಅವರಿಗೆ ನಾನೇನು ಹೇಳ್ಲಿ? ತಂಗಿ ಮೇಲಿನ ಪ್ರೀತಿಗೆ ಚುಚ್ಚಿದ್ದು ಅಂತಲೇ?”

“ನಾನೇ ಹೋಗಿ ಹೇಳ್ತೀನಿ ಸರ್. ಅವರ ಕಾಲಿಗೆ ಬೀಳ್ತೀನಿ. ಕೆಲಸದಿಂದ ತೆಗೀತೀರಾ, ತೆಗೀರಿ. ಅವಳನ್ನ ಮಾತ್ರ ಬೇಟೆ ಆಡ್ಬೇಡಿ.”

“ಕೆಲಸದಿಂದ ಸದ್ಯಕ್ಕೆ ದೂರ ಇರಬೇಕಾಗುತ್ತೆ. ಅವರು ಸಿಕ್ಕಿದ್ರೆ ರೈಲಲ್ಲಿ ಬಿಡೋಕೆ ಆಗಲ್ಲ. ಮೊದಲು ಆಸ್ಪತ್ರೆ, ಆಮೇಲೆ ಡಾಕ್ಟರು ಹೇಳಿದ ಹಾಗೆ.”

“ಆಗ್ಲಿ. ಆದ್ರೆ ಮೊದಲು ನನ್ನನ್ನ ಕರೀರಿ. ಯಾರೂ ಅವಳ ಕೈ ಹಿಡೀಬೇಡಿ.”

ಅಧಿಕಾರಿ ಅವಳ ಫೋನ್ ನಂಬರು ಮಾತ್ರ ತೆಗೆದುಕೊಂಡ.

ಅವಳು ಟೀಚರ ಮನೆಗೂ ಹೋದಳು. ಸೂಜಿ ತನ್ನದು, ಶುದ್ಧವಾದದ್ದು, ವಿಷವಿಲ್ಲ ಎಂದಳು. ಟೀಚರು ಬಾಗಿಲಲ್ಲೇ ಕುಸಿದು ಕೂತು ಅತ್ತರು, ಆಮೇಲೆ ಎದ್ದು ಬಾಯಿಗೆ ಬಂದಂತೆ ಬೈದರು. ಬೈಸಿಕೊಂಡು ಬಂದಳು. ಬೈಸಿಕೊಳ್ಳಬೇಕಾದದ್ದೇ ಆಗಿತ್ತು.

ಅಲ್ಲಿಂದಾಚೆ ಮನೆಯಲ್ಲಿ ಕೂತು ಕಾದಳು. ಕೆಲಸವಿಲ್ಲದ ಕೈ ಸುಮ್ಮನಿರದೆ ಗಂಡನ ಅಂಗಿಯ ಗುಂಡಿಗಳನ್ನೆಲ್ಲ ಕಿತ್ತು ಮತ್ತೆ ಹೊಲಿದಳು. ಡಿಪೊದಿಂದ ವಾಪಸು ತಂದ ಸೂಜಿಗಳ ಡಬ್ಬಿ ಈಗ ಕಿಟಕಿಯ ಪಕ್ಕ ಎಲ್ಲರಿಗೂ ಕಾಣುವ ಹಾಗೆ ಇತ್ತು. ಗಂಡ ಅದನ್ನು ನೋಡಿದ, ಅಲ್ಲೇ ಬಿಟ್ಟ. ಮಗಳು ಒಮ್ಮೆ, “ಚಿಕ್ಕಮ್ಮ ಬಂದ್ರೆ ನನ್ನ ಕೋಣೇಲೇ ಮಲಗ್ಲಿ” ಎಂದಳು.

ಫೋನು ಬಂದದ್ದು ಒಂದು ಮಧ್ಯಾಹ್ನ. “ಕೊನೇ ಸ್ಟೇಷನ್ನಿಗೆ ಬನ್ನಿ. ಸಿಕ್ಕಿದಾರೆ, ಇಳೀತಾ ಇಲ್ಲ” ಎಂದ ಅಧಿಕಾರಿ.

ಪ್ರಯಾಣಿಕರೆಲ್ಲ ಇಳಿದುಹೋದ ಖಾಲಿ ಬೋಗಿ. ಹೊರಗೆ ಆಸ್ಪತ್ರೆಯ ಬಿಳಿ ವ್ಯಾನು. ಬಾಗಿಲಿಗೆ ಇಬ್ಬರು ಕಾವಲುಗಾರರು, ಒಳಗೆ ಕಂಬ ಹಿಡಿದು ನಿಂತ ಅಧಿಕಾರಿ. ಉದ್ದ ಸೀಟಿನ ಮುಂದೆ ನೆಲದ ಮೇಲೆ ತಂಗಿ ಕೂತಿದ್ದಳು. ಸೀಟಿನ ಈ ತುದಿಯಿಂದ ಆ ತುದಿವರೆಗೆ ಕುಯ್ದ ಹರಕು; ಎಡತುದಿಯಲ್ಲಿ ಒಂದು ಗೇಣು ಹೊಲಿಗೆ ಬಿದ್ದಿತ್ತು. ದಾರದ ತುದಿಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಅವಳು ಹಾಗೇ ಕೂತಿದ್ದಳು. ಕೈ ಖಾಲಿ.

“ಸೂಜಿ ಕಿತ್ಕೊಂಡ್ವಿ” ಎಂದ ಒಬ್ಬ ಕಾವಲುಗಾರ, ಸ್ವಲ್ಪ ತಪ್ಪಿತಸ್ಥನ ಹಾಗೆ. “ಟೀಚರಿಗೆ ಚುಚ್ಚಿದಾಗಿಂದ ಸೂಜಿ ಕಂಡ್ರೆ ಕಿತ್ಕೊಳ್ಳಿ ಅಂತ ಆರ್ಡರಾಗಿದೆಯಲ್ಲ. ಆಮೇಲೆ ಅಲ್ಲಾಡ್ತಾನೇ ಇಲ್ಲ.”

ಹೊಲಿಗೆಯಕ್ಕನಿಗೆ ಓಡಿ ಹೋಗಿ ತಬ್ಬಿಕೊಳ್ಳಬೇಕು ಎನಿಸಿತು. ಕೂದಲಿನ ಜಡೆಗಟ್ಟಿದ ಗಂಟುಗಳನ್ನು, ಬಿರಿದ ಹಿಮ್ಮಡಿಯನ್ನು ಕಂಡಳು. ಆದರೆ ತಬ್ಬಲಿಲ್ಲ. ಸೀಟಿನ ಬಲತುದಿಗೆ ಹೋಗಿ ನೆಲದ ಮೇಲೆ ಕೂತಳು. ತಂಗಿ ತಲೆ ಎತ್ತಲಿಲ್ಲ.

“ಅಕ್ಕ, ಸೂಜಿ ಎಲ್ಲಿಟ್ಟೆ?” ಎಂದಳು.

ನಡುವೆ ವರ್ಷಗಳೇ ಕಳೆದಿಲ್ಲವೇನೋ ಎಂಬಂಥ ದನಿ. ಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅದೇ ದನಿ. ಹೊಲಿಗೆಯಕ್ಕ ಕೈಚೀಲದಿಂದ ಡಬ್ಬಿ ತೆಗೆದಳು. ಕಾವಲುಗಾರ “ಸರ್” ಎಂದು ಒಂದು ಹೆಜ್ಜೆ ಮುಂದಿಟ್ಟ. ಅಧಿಕಾರಿ ಒಂದು ಕ್ಷಣ ಅವಳನ್ನೂ ಇವಳನ್ನೂ ನೋಡಿ, ಬೇಡ ಎಂಬಂತೆ ಕೈ ಅಡ್ಡ ಹಿಡಿದು ಅವನನ್ನು ತಡೆದ.

“ಇಲ್ಲೇ ಇದೆ ಕಣೇ” ಎಂದಳು ಅಕ್ಕ. “ಕಳೆದಿರಲಿಲ್ಲ. ನಾನೇ ಬಚ್ಚಿಟ್ಟಿದ್ದೆ.” ಒಂದು ಸೂಜಿಯನ್ನು ಅಂಗೈ ಮೇಲಿಟ್ಟು ಚಾಚಿದಳು.

ತಂಗಿ ತೆಗೆದುಕೊಂಡಳು, ಬೆಳಕಿಗೆ ಹಿಡಿದು ದಾರ ಪೋಣಿಸಿದಳು. ಎಡಗೈ ಓಡತೊಡಗಿತು. ಅಕ್ಕನೂ ಡಬ್ಬಿಯಿಂದ ಇನ್ನೊಂದು ಸೂಜಿ ತೆಗೆದಳು; ಎಡತುದಿಯಿಂದ ತಂಗಿ, ಬಲತುದಿಯಿಂದ ಅಕ್ಕ. ಬೋಗಿಯಲ್ಲಿ ದಾರ ಬಟ್ಟೆಯೊಳಗೆ ಸರಿಯುವ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಅಧಿಕಾರಿ ಕಂಬ ಬಿಟ್ಟು ಎದುರು ಸೀಟಿನಲ್ಲಿ ಕೂತ.

ತಂಗಿಯೇ ಮೊದಲು ನಡುವಿಗೆ ಬಂದಳು. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. ಮಂಡಿ ಮೇಲೆ ಗಲ್ಲ ಊರಿದಳು. ಈಗ ಮೊದಲ ಸಲ ಅಕ್ಕನ ಮುಖವನ್ನು ನೋಡಿದಳು.

“ಬಂದ್ಯಾ ಆಮೆ?”

ಹೊಲಿಗೆಯಕ್ಕನಿಗೆ ಸೀಟೂ ಸೂಜಿಯೂ ಎಲ್ಲ ಮಂಜಾಯಿತು. “ಬರ್ತಾ ಇದೀನಿ ಕಣೇ. ಇನ್ನೊಂದು ಚೂರು.”

“ಇದು ಮುಗಿದ ಮೇಲೆ ಮನೆಗೇ ತಾನೆ?”

ಕಿಟಕಿಯ ಆಚೆ ಬಿಳಿ ವ್ಯಾನಿನ ಬಾಗಿಲು ತೆರೆದೇ ಇತ್ತು. ಮತ್ತೊಂದು ಸುಳ್ಳು ಅವಳ ನಾಲಿಗೆಯ ತುದಿಗೇ ಬಂದಿತ್ತು; ನುಂಗಿಕೊಂಡಳು. “ಮೊದಲು ಆಸ್ಪತ್ರೆಗೆ ಕರ್ಕೊಂಡು ಹೋಗ್ತಾರೆ. ನಾನೂ ಬರ್ತೀನಿ, ನಿನ್ನ ಜೊತೇಲೇ ಇರ್ತೀನಿ. ಮನೆ ಆಮೇಲೆ.”

ಉಳಿದಿದ್ದದ್ದು ಬರೀ ನಾಲ್ಕು ಬೆರಳಗಲ. ಹೊಲಿಗೆಯಕ್ಕ ಹೊಲಿಗೆಯನ್ನು ಸಣ್ಣ ಮಾಡಿದಳು, ಇನ್ನೂ ಸಣ್ಣ ಮಾಡಿದಳು. ಗಂಟು ಬಿದ್ದರೆ ಎಲ್ಲರೂ ಎದ್ದು ನಿಲ್ಲುತ್ತಾರೆ, ತಂಗಿಯನ್ನು ವ್ಯಾನಿಗೆ ಹತ್ತಿಸುತ್ತಾರೆ. ರುಮಾಲಿನ ಅಂಚಿಗೆ ಹಾಕುವಂಥ ಹೊಲಿಗೆಯನ್ನು ರೈಲಿನ ಸೀಟಿಗೆ ಹಾಕುತ್ತ ಎಳೆಯಲಾದಷ್ಟೂ ಹೊತ್ತನ್ನು ಎಳೆದಳು.

“ಅಪ್ಪ ನೋಡಿದ್ರೆ ಬೈತಾರೆ. ಹಾಸಿಗೆಗೆ ಯಾರಾದ್ರೂ ಇಷ್ಟು ಸಣ್ಣ ಹೊಲಿಗೆ ಹಾಕ್ತಾರಾ?” ಎಂದಳು ತಂಗಿ.

ಅಕ್ಕ ಇನ್ನೊಂದು ಸಣ್ಣ ಹೊಲಿಗೆ ಹಾಕಿದಳು. ತಂಗಿ ಸ್ವಲ್ಪ ಹೊತ್ತು ಅವಳ ಕೈಯನ್ನೇ ನೋಡಿದಳು, ಕಿಟಕಿಯಾಚೆ ವ್ಯಾನನ್ನು ನೋಡಿದಳು. ಆಮೇಲೆ ಚುಚ್ಚಿಟ್ಟಿದ್ದ ಸೂಜಿಯನ್ನು ಕಿತ್ತುಕೊಂಡು, ತಾನು ಹಾಕಿದ್ದ ಹೊಲಿಗೆಗಳನ್ನು ಕೊನೆಯಿಂದ ಒಂದೊಂದಾಗಿ ಬಿಚ್ಚತೊಡಗಿದಳು.